ಹಿಡಿದ ಮೊಲದ ನಾಲ್ಕನೇ ಕಾಲು: ಮನೆಯ ಮೊಲದ ಉಗುರು ಕತ್ತರಿಸುವುದು ಹೇಗೆ

ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಅಂತ ಗಾದೆ ಇದೆಯಲ್ಲ, ಹಟಮಾರಿಗಳನ್ನು ಆಡಿಕೊಳ್ಳಲು ಹೇಳುತ್ತಾರೆ. ನನಗೆ ಮಾತ್ರ ಈ ಗಾದೆ ಕಟ್ಟಿದವನು ಯಾವತ್ತೋ ಒಮ್ಮೆ ಮೊಲದ ಉಗುರು ಕತ್ತರಿಸಲು ಹೋಗಿರಬೇಕು ಅಂತ ಗಟ್ಟಿ ಅನುಮಾನ. ಮೂರು ಕಾಲು ಹೇಗೋ ಕೈಗೆ ಸಿಗುತ್ತವೆ. ನಾಲ್ಕನೆಯದು ಹೊಟ್ಟೆಯಡಿ ಸೇರಿಬಿಟ್ಟಿರುತ್ತದೆ. ಎಳೆದಷ್ಟೂ ಒಳಗೆ ಹೋಗುತ್ತದೆ.

ನಾನು ಮೊದಲ ಸಲ ಈ ಕೆಲಸಕ್ಕೆ ಕೈ ಹಾಕಿದಾಗ ಏನಾಯಿತು ಅಂತ ಮೊದಲೇ ಹೇಳಿಬಿಡುತ್ತೇನೆ. ನಮ್ಮ ಮೊಲ ಗುಂಡ ಮನೆಗೆ ಬಂದು ನಾಲ್ಕು ತಿಂಗಳಾಗಿತ್ತು. ಉಗುರು ಬೆಳೆದು ಕಾರ್ಪೆಟ್ಟಿನ ದಾರಕ್ಕೆ ಸಿಕ್ಕಿಕೊಳ್ಳುತ್ತಿತ್ತು. ಒಂದು ಸಂಜೆ ಅವನನ್ನು ಮಂಚದಡಿಯಿಂದ ಎಳೆದು, ಮೇಜಿನ ಮೇಲೆ ಕೂರಿಸಿ, ಅದುಮಿ ಹಿಡಿದು, ಹೇಗಾದರೂ ಒಂದೇ ಸಲಕ್ಕೆ ಮುಗಿಸಿಬಿಡೋಣ ಅಂತ ಶುರು ಮಾಡಿದೆ. ಮೂರನೇ ಉಗುರಿಗೆ ರಕ್ತ ಬಂತು. ಒಂದೇ ತೊಟ್ಟು. ಆದರೆ ಬಿಳಿ ಪಾದದ ಮೇಲೆ ಒಂದು ತೊಟ್ಟು ರಕ್ತ ಅಂದರೆ ದೊಡ್ಡ ಗಾಯದ ಹಾಗೆ ಕಾಣುತ್ತದೆ. ನನ್ನ ಕೈ ನಡುಗಿತು, ಹಿಡಿತ ಸಡಿಲವಾಯಿತು, ಅವನು ಮೇಜಿನಿಂದ ಹಾರಿದ. ಪುಣ್ಯಕ್ಕೆ ಕೆಳಗೆ ಹಾಸಿಗೆ ಇತ್ತು. ಆಮೇಲೆ ಎರಡು ದಿನ ನಾನು ಕೋಣೆಗೆ ಕಾಲಿಟ್ಟರೆ ಸಾಕು, ಮಂಚದಡಿಯಿಂದ ಹಿಂಗಾಲು ನೆಲಕ್ಕೆ ಬಡಿಯುವ ಧಡ್ ಸದ್ದು ಬರುತ್ತಿತ್ತು.

ಉಗುರು ಜಾಸ್ತಿ ಕತ್ತರಿಸಿದ್ದೇ ತಪ್ಪು ಅಂತ ಆಗ ಅಂದುಕೊಂಡಿದ್ದೆ. ಆಮೇಲೆ ಹೊಳೆಯಿತು, ಅವನ ಪಾದವನ್ನು ಅವತ್ತಿನವರೆಗೆ ಯಾರೂ ಮುಟ್ಟಿಯೇ ಇರಲಿಲ್ಲ. ಮೊದಲ ಸಲ ಮುಟ್ಟಿದವನು ನಾನು, ಅದೂ ಕ್ಲಿಪ್ಪರ್ ಹಿಡಿದುಕೊಂಡು.

ಒಂದು ಸಣ್ಣ ಲೆಕ್ಕ ಹಾಕಿ. ಚೆನ್ನಾಗಿ ನೋಡಿಕೊಂಡ ಮೊಲ ಸಾಮಾನ್ಯವಾಗಿ 8ರಿಂದ 12 ವರ್ಷ ಬದುಕುತ್ತದೆ. ಉಗುರನ್ನು 4ರಿಂದ 6 ವಾರಕ್ಕೊಮ್ಮೆ ಕತ್ತರಿಸಬೇಕಾಗುತ್ತದೆ. 10 ವರ್ಷಕ್ಕೆ ಕಡಿಮೆ ಅಂದರೂ 80 ಸಲ. ಪ್ರತಿ ಸಲ ಕುಸ್ತಿ ಆಡುವುದಕ್ಕಿಂತ ಮೊದಲು ಮೂರು ವಾರ ಕೂತು ಪಾದ ಮುಟ್ಟಿಸಿಕೊಳ್ಳುವುದನ್ನು ಕಲಿಸುವುದು ಎಷ್ಟೋ ಮೇಲು, ಅಲ್ವಾ? ಕತ್ತರಿಸುವುದು ಐದು ನಿಮಿಷದ ಕೆಲಸ. ಹಾಗಾಗಿ ಅದನ್ನು ಕೊನೆಗೆ ಇಟ್ಟುಕೊಂಡಿದ್ದೇನೆ.

ಕತ್ತರಿಸದಿದ್ದರೆ ಏನಾಗುತ್ತದೆ

ಕಾಡಿನ ಮೊಲ ದಿನವಿಡೀ ಮಣ್ಣು ಕೆರೆಯುತ್ತದೆ, ಬಿಲ ತೋಡುತ್ತದೆ, ಓಡುತ್ತದೆ. ಉಗುರು ತಾನಾಗಿ ಸವೆಯುತ್ತದೆ. ಮನೆಯ ನೆಲ ನುಣುಪು, ಹಾಸಿಗೆ ಮೆತ್ತಗೆ. ಸವೆಯುವುದಕ್ಕಿಂತ ಬೆಳೆಯುವುದೇ ಜಾಸ್ತಿ. ಒರಟು ಕಲ್ಲಿನ ತುಂಡು ಇಟ್ಟರೆ ಸಾಕು ಅಂತ ಕೆಲವರು ಹೇಳುತ್ತಾರೆ. ಮುಂಗಾಲಿನ ಉಗುರಿನ ತುದಿ ಸ್ವಲ್ಪ ಸವೆಯಬಹುದು, ಅಷ್ಟೇ. ಅದನ್ನು ನಂಬಿ ಕೂರಬೇಡಿ.

ನಾಯಿ, ಬೆಕ್ಕಿನ ಅಂಗಾಲಿನಲ್ಲಿ ಮೆತ್ತನೆಯ ಗದ್ದುಗೆ ಇರುತ್ತದೆ. ಮೊಲಕ್ಕೆ ಅದಿಲ್ಲ. ಅಂಗಾಲಿನ ತುಂಬ ಬರೀ ದಟ್ಟ ರೋಮ, ಅದರ ಹಿಂದೆ ತೆಳು ಚರ್ಮ. ಉಗುರು ಉದ್ದವಾದಾಗ ಬೆರಳುಗಳು ಮೇಲಕ್ಕೆ ಎದ್ದು ದೇಹದ ಭಾರ ಹಿಮ್ಮಡಿಗೆ ಬೀಳುತ್ತದೆ. ಅಲ್ಲಿನ ರೋಮ ಸವೆದು, ಚರ್ಮ ಕೆಂಪಾಗಿ, ಕೊನೆಗೆ ಹುಣ್ಣಾಗುತ್ತದೆ. ಈ ಹುಣ್ಣು ಬಂದರೆ ವಾಸಿಯಾಗಲು ತಿಂಗಳುಗಟ್ಟಲೆ ಬೇಕು. ಇನ್ನೊಂದು ಅಪಾಯ, ಉದ್ದ ಉಗುರು ಬಟ್ಟೆಗೋ ಪಂಜರದ ಕಂಬಿಗೋ ಸಿಕ್ಕಿ, ಮೊಲ ಗಾಬರಿಯಿಂದ ಎಳೆದುಕೊಂಡಾಗ ಬುಡದಿಂದಲೇ ಕಿತ್ತು ಬರುವುದು.

ಉದ್ದವಾಗಿದೆಯೋ ಇಲ್ಲವೋ ಅಂತ ನೋಡುವುದು ಸುಲಭ. ಮೊಲ ಸಮ ನೆಲದ ಮೇಲೆ ಆರಾಮಾಗಿ ಕೂತಿರುವಾಗ ಪಾದದ ಪಕ್ಕಕ್ಕೆ ಬಗ್ಗಿ ನೋಡಿ. ರೋಮದ ಅಂಚು ದಾಟಿ ಉಗುರು ಕೊಕ್ಕೆಯ ಹಾಗೆ ಬಾಗಿ ನೆಲ ಮುಟ್ಟುತ್ತಿದ್ದರೆ ಕತ್ತರಿಸುವ ಹೊತ್ತಾಗಿದೆ. ಟೈಲ್ಸ್ ಮೇಲೆ ನಡೆದಾಗ ಟಕ್ ಟಕ್ ಅಂತ ಕೇಳಿದರೆ ತಡವೇ ಆಗಿದೆ.

ಈಗಾಗಲೇ ಸುರುಳಿ ಸುತ್ತುವಷ್ಟು ಬೆಳೆದಿದ್ದರೆ ಮೂರು ವಾರ ಕಾಯುವ ಮಾತಿಲ್ಲ. ಒಂದು ಸಲ ಪಶುವೈದ್ಯರ ಹತ್ತಿರ ಕತ್ತರಿಸಿಕೊಂಡು ಬನ್ನಿ. ಅಲ್ಲಿಂದ ಮುಂದಿನ ಸಲದವರೆಗೆ ನಿಮಗೆ ಕಲಿಸಲು ಸಮಯ ಸಿಗುತ್ತದೆ.

ಎತ್ತಿಕೊಳ್ಳುವುದು ಅಂದರೆ ಮೊಲಕ್ಕೆ ಏನು ಅನಿಸುತ್ತದೆ

ಮೊಲವನ್ನು ನೆಲದಿಂದ ಮೇಲೆತ್ತುವುದು ಹದ್ದು ಇಲ್ಲವೇ ನರಿ, ಅದೂ ತಿನ್ನುವುದಕ್ಕೆ. ಸಾವಿರಾರು ತಲೆಮಾರಿನ ಈ ಭಯ ನೀವು ಮುದ್ದು ಮಾಡಿದ ಮಾತ್ರಕ್ಕೆ ಹೋಗುವುದಿಲ್ಲ. ನಿಮ್ಮ ಮೊಲ ನಿಮ್ಮ ಹಿಂದೆ ಹಿಂದೆ ಓಡಾಡಿಕೊಂಡಿದ್ದರೂ ಎತ್ತಿದ ಕೂಡಲೇ ಒದೆಯುತ್ತದೆ. ಅದು ನಿಮ್ಮ ಮೇಲಿನ ಸಿಟ್ಟಲ್ಲ.

ಈ ಒದೆತದಲ್ಲೇ ದೊಡ್ಡ ಅಪಾಯ ಇರುವುದು. ಮೊಲದ ಎಲುಬು ತುಂಬ ಹಗುರ. ಪೂರ್ತಿ ಅಸ್ಥಿಪಂಜರ ಮೈತೂಕದ ಶೇಕಡ 7–8ರಷ್ಟು ಮಾತ್ರ, ಬೆಕ್ಕಿನಲ್ಲಿ ಅದು ಶೇಕಡ 12–13. ಆದರೆ ಹಿಂಗಾಲಿನ ಸ್ನಾಯುಗಳು ಮಹಾ ಗಟ್ಟಿ. ಸೊಂಟಕ್ಕೆ ಆಸರೆ ಇಲ್ಲದೆ ಗಾಳಿಯಲ್ಲಿ ತೂಗಾಡುತ್ತಾ ಜೋರಾಗಿ ಒದ್ದರೆ ತನ್ನ ಬೆನ್ನುಮೂಳೆಯನ್ನು ತಾನೇ ಮುರಿದುಕೊಳ್ಳಬಲ್ಲದು. ಉಗುರಿನಿಂದ ಒಂದು ತೊಟ್ಟು ರಕ್ತ ಬಂದರೆ ನಾಳೆಗೆ ಸರಿಹೋಗುತ್ತದೆ, ಬೆನ್ನು ಮುರಿದರೆ ಸರಿಹೋಗುವುದಿಲ್ಲ. ಹಾಗಾಗಿ ಉಳಿದದ್ದೆಲ್ಲ ಮರೆತರೂ ಇದೊಂದನ್ನು ಮರೆಯಬೇಡಿ: ಕುಂಡೆಯ ಕೆಳಗೆ ಒಂದು ಕೈ ಯಾವಾಗಲೂ ಇರಬೇಕು.

ಎತ್ತುವ ಕ್ರಮ ಹೀಗೆ. ನೀವೂ ನೆಲದ ಮಟ್ಟಕ್ಕೆ ಬನ್ನಿ. ಒಂದು ಕೈಯನ್ನು ಮುಂಗಾಲಿನ ಹಿಂದೆ ಎದೆಯಡಿ ಹಾಕಿ. ಇನ್ನೊಂದು ಕೈಯಿಂದ ಹಿಂಭಾಗವನ್ನು ಬುಟ್ಟಿಯ ಹಾಗೆ ಹಿಡಿದು, ಎರಡೂ ಕೈಯನ್ನು ಒಟ್ಟಿಗೆ ಎತ್ತಿ, ತಕ್ಷಣ ನಿಮ್ಮ ಎದೆಗೋ ಹೊಟ್ಟೆಗೋ ಒತ್ತಿಕೊಳ್ಳಿ. ನಡುವೆ ಗಾಳಿ ಆಡಬಾರದು. ಮುಖವನ್ನು ನಿಮ್ಮ ಮೊಣಕೈ ಮಡಿಕೆಯೊಳಗೆ ಹುದುಗಿಸಲು ಬಿಟ್ಟರೆ ಬಹಳ ಮೊಲಗಳು ತಣ್ಣಗಾಗುತ್ತವೆ, ಕತ್ತಲು ಅವಕ್ಕೆ ಬಿಲದ ಹಾಗೆ. ಮೂಗಿಗೆ ಗಾಳಿ ಸಿಗುತ್ತಿದೆಯಾ ಅಂತ ನೋಡಿಕೊಳ್ಳಿ. ಇಳಿಸುವಾಗ ಜಾಸ್ತಿ ಜನ ಎಡವುತ್ತಾರೆ. ನೆಲ ಕಂಡ ಕೂಡಲೇ ಮೊಲ ಹಾರುತ್ತದೆ. ಅದಕ್ಕೇ ಮುಖ ನಿಮ್ಮ ಕಡೆ ತಿರುಗಿಸಿ, ಹಿಂಗಾಲು ಮೊದಲು ನೆಲಕ್ಕೆ ತಾಗುವ ಹಾಗೆ ಇಳಿಸಿ, ನಾಲ್ಕೂ ಕಾಲು ಊರಿದ ಮೇಲೆ ಒಂದೆರಡು ಕ್ಷಣ ಕೈ ಇಟ್ಟುಕೊಂಡೇ ಇದ್ದು ಆಮೇಲೆ ಬಿಡಿ.

ಕಿವಿ ಹಿಡಿದು ಎತ್ತಬಾರದು. ಕುತ್ತಿಗೆಯ ಚರ್ಮ ಹಿಡಿದು ನೇತುಹಾಕುವುದೂ ಬೇಡ.

ಇನ್ನೊಂದು ವಿಷಯ, ಇದರ ಬಗ್ಗೆ ನನಗೆ ಸ್ವಲ್ಪ ಖಾರವಾಗಿಯೇ ಹೇಳಬೇಕು ಅನಿಸುತ್ತದೆ. ಮೊಲವನ್ನು ಅಂಗಾತ ಮಲಗಿಸಿ ಹೊಟ್ಟೆ ಸವರಿದರೆ ನಿದ್ದೆ ಹೋದ ಹಾಗೆ ಬಿದ್ದುಕೊಳ್ಳುತ್ತದೆ, ಆಗ ಉಗುರು ಕತ್ತರಿಸಿ ಅನ್ನುವ ಸಲಹೆ ಎಲ್ಲ ಕಡೆ ಸಿಗುತ್ತದೆ. ನೋಡಲು ಎಷ್ಟು ಮುದ್ದಾಗಿದೆ ಅಂತ ನಗುತ್ತಾರೆ ಬೇರೆ. ಅದು ನಿದ್ದೆಯಲ್ಲ. ಬೇಟೆಗಾರನ ಬಾಯಿಗೆ ಸಿಕ್ಕ ಪ್ರಾಣಿ ಕೊನೆಯ ಉಪಾಯವಾಗಿ ಸತ್ತಂತೆ ಬೀಳುತ್ತದಲ್ಲ, ಅದು. ಒಳಗೆ ಅದಕ್ಕೆ ಎಚ್ಚರ ಇರುತ್ತದೆ, ಭಯವೂ ಇರುತ್ತದೆ. ಯಾವ ಕ್ಷಣದಲ್ಲಾದರೂ ಎದ್ದು ಒದೆಯಬಹುದು. ಕೆಲಸ ಬೇಗ ಆಗುತ್ತದೆ, ನಿಜ. ಆದರೆ ಮುಂದಿನ ಸಲ ಅದು ನಿಮ್ಮ ಹತ್ತಿರ ಬರುವುದು ಇನ್ನೂ ಕಡಿಮೆಯಾಗುತ್ತದೆ.

ಮೊದಲ ಮೂರು ವಾರ, ಕೈಯಲ್ಲಿ ಕ್ಲಿಪ್ಪರ್ ಬೇಡ

ಮೊಲ ಮುಂಜಾನೆ ಮತ್ತು ಮುಸ್ಸಂಜೆ ಚುರುಕು. ಮಧ್ಯಾಹ್ನ ತೂಕಡಿಸುತ್ತದೆ. ಕಲಿಸುವುದಕ್ಕೂ ಆಮೇಲೆ ಕತ್ತರಿಸುವುದಕ್ಕೂ ಆ ತೂಕಡಿಕೆಯ ಹೊತ್ತೇ ಒಳ್ಳೆಯದು. ದಿನಕ್ಕೆ ಐದೇ ನಿಮಿಷ ಸಾಕು, ಆದರೆ ದಿನಾ ಇರಲಿ. ಭಾನುವಾರ ಒಂದು ಗಂಟೆ ಕೂತು ಉಳಿದ ದಿನ ಮರೆತರೆ ಪ್ರಯೋಜನ ಇಲ್ಲ.

ಮೊದಲ ಕೆಲವು ದಿನ ಸುಮ್ನೆ ನೆಲದ ಮೇಲೆ ಕೂತುಕೊಳ್ಳಿ. ಪುಸ್ತಕ ಓದಿ, ಫೋನ್ ನೋಡಿ, ಏನಾದರೂ ಮಾಡಿ, ಮೊಲದ ಕಡೆ ಮಾತ್ರ ಕೈ ಚಾಚಬೇಡಿ. ಅದು ಬರುತ್ತದೆ. ಪ್ಯಾಂಟಿನ ಅಂಚು ಮೂಸುತ್ತದೆ, ಮೂಗಿನಿಂದ ಕಾಲನ್ನು ತಳ್ಳುತ್ತದೆ, ಗಲ್ಲವನ್ನು ನಿಮ್ಮ ಚಪ್ಪಲಿಗೆ ಉಜ್ಜಿ ಇದು ನನ್ನದು ಅಂತ ಗುರುತು ಹಾಕುತ್ತದೆ. ಕೈ ಚಾಚಬೇಕು ಅನಿಸಿದರೂ ತಡೆದುಕೊಳ್ಳಿ. ಅದು ತಾನಾಗಿ ಎರಡು ಮೂರು ಸಲ ಬಂದು ಹೋದ ಮೇಲೆ ಹಣೆ ಸವರಿ.

ಕೈ ಎಲ್ಲಿಂದ ಬರುತ್ತದೆ ಅನ್ನುವುದೂ ಮುಖ್ಯ. ಮೊಲದ ಕಣ್ಣು ತಲೆಯ ಎರಡು ಪಕ್ಕದಲ್ಲಿವೆ. ಹಿಂದೆ, ಮೇಲೆ ಎಲ್ಲ ಕಾಣುತ್ತದೆ. ಮೂಗಿನ ನೇರ ಮುಂದೆ ಮತ್ತು ಗಲ್ಲದ ಕೆಳಗೆ ಇರುವುದು ಮಾತ್ರ ಕಾಣುವುದಿಲ್ಲ. ನಾಯಿಗೆ ಮೂಸಲು ಕೊಟ್ಟ ಹಾಗೆ ಮೂಗಿನ ಕೆಳಗೆ ಕೈ ಒಡ್ಡಿದರೆ, ಇದ್ದಕ್ಕಿದ್ದಂತೆ ಏನೋ ಬಂತು ಅಂತ ಅದು ಬೆಚ್ಚಿ ಕಚ್ಚಲೂಬಹುದು. ಪಕ್ಕದಿಂದ ಕಾಣುವ ಹಾಗೆ ಕೈ ತಂದು ಹಣೆಗೆ ಇಳಿಸಿ. ಹಣೆ, ಕೆನ್ನೆ, ಕಿವಿಯ ಬುಡ, ಈ ಮೂರು ಜಾಗ ಬಹುತೇಕ ಎಲ್ಲ ಮೊಲಕ್ಕೂ ಇಷ್ಟ.

ಹಾಗೆ ಸವರುವಾಗ ಹಲ್ಲು ಮೆಲ್ಲಗೆ ಕಟಕಟ ಅಂತ ಆಡಿಸುವುದು ಕೈಗೆ ತಿಳಿಯುತ್ತದೆ, ಕಿವಿಗೆ ಕೇಳುವುದಕ್ಕಿಂತ ಮುಂಚೆ ಬೆರಳಿಗೆ ನಡುಕದ ಹಾಗೆ. ಅದು ಸುಖದ ಗುರುತು. ಜೋರಾಗಿ ಕರಕರ ಕಡಿಯುವುದು ಬೇರೆ, ಅದು ನೋವು. ಎರಡನ್ನೂ ಒಂದೇ ಅಂದುಕೊಳ್ಳಬೇಡಿ.

ಹಣೆ ಸವರಿಸಿಕೊಳ್ಳುತ್ತಾ ಹಾಯಾಗಿ ಕೂತಿದೆ ಅಂದರೆ ಮುಂದಿನ ಹೆಜ್ಜೆ. ಹಣೆಯಿಂದ ಬೆನ್ನಿಗೆ, ಬೆನ್ನಿನಿಂದ ಭುಜಕ್ಕೆ, ಭುಜದಿಂದ ಮುಂಗಾಲಿನ ಮೇಲ್ಭಾಗಕ್ಕೆ ಕೈ ಜಾರಿಸಿ. ಒಂದು ಸೆಕೆಂಡ್. ಕೈ ತೆಗೆದು ಒಂದು ಕೊತ್ತಂಬರಿ ಎಲೆ ಕೊಡಿ. ಮತ್ತೆ ಅದೇ. ಎಲೆ ಕೊಡುವುದು ಮುಟ್ಟಿದ ಮೇಲೆ, ಮುಟ್ಟುವ ಮೊದಲಲ್ಲ. ಮೊದಲೇ ಕೊಟ್ಟರೆ ತಿಂಡಿ ಕಂಡ ಕೂಡಲೇ ಏನೋ ಮೋಸ ಇದೆ ಅಂತ ಕಲಿತುಬಿಡುತ್ತದೆ, ಮೊಲ ನೀವು ಅಂದುಕೊಂಡಷ್ಟು ದಡ್ಡ ಪ್ರಾಣಿ ಅಲ್ಲ. ದಿನದ ಸೊಪ್ಪಿನ ಪಾಲಿನಿಂದಲೇ ಎಲೆ ತೆಗೆದಿಟ್ಟುಕೊಂಡರೆ ಹೊಟ್ಟೆ ಕೆಡುವುದಿಲ್ಲ. ಬಾಳೆಹಣ್ಣು ಅಂದರೆ ಪ್ರಾಣ ಬಿಡುತ್ತದೆ, ಆದರೆ ಅದರಲ್ಲಿ ಸಕ್ಕರೆ ಜಾಸ್ತಿ. ಅದನ್ನು ಕಷ್ಟದ ದಿನಕ್ಕೆ ಅಂತ ಬೆರಳಿನ ಉಗುರಿನಷ್ಟು ಚೂರು ಮಾತ್ರ ಇಟ್ಟುಕೊಳ್ಳಿ.

ಇಲ್ಲಿ ಒಂದು ಸೂಕ್ಷ್ಮ ಇದೆ, ನನಗೆ ಇದು ಅರ್ಥವಾಗಲು ತಿಂಗಳುಗಳೇ ಹಿಡಿದವು. ಪಾದ ಹಿಡಿದಾಗ ಮೊಲ ಕಿತ್ತುಕೊಂಡಿತು ಅನ್ನಿ. ಬಿಟ್ಟರೆ, ಕಿತ್ತುಕೊಂಡರೆ ಬಿಡುತ್ತಾರೆ ಅಂತ ಕಲಿಯುತ್ತದೆ. ಬಿಡದೆ ಹಿಡಿದುಕೊಂಡರೆ, ಈ ಕೈ ಕೆಟ್ಟದ್ದು ಅಂತ ಕಲಿಯುತ್ತದೆ. ಎರಡೂ ನಷ್ಟವೇ. ಹಾಗಾದರೆ ಏನು ಮಾಡುವುದು? ಅದು ಕಿತ್ತುಕೊಳ್ಳುವ ಮೊದಲೇ ನೀವು ಬಿಡಬೇಕು. ಎರಡು ಸೆಕೆಂಡಿಗೆ ಎಳೆದುಕೊಳ್ಳುತ್ತದೆ ಅಂತ ಗೊತ್ತಿದ್ದರೆ ಒಂದು ಸೆಕೆಂಡಿಗೆ ಬಿಡಿ. ನಾಳೆ ಒಂದೂವರೆ. ಬಿಡುವುದು ಯಾವಾಗಲೂ ನಿಮ್ಮ ತೀರ್ಮಾನ ಆಗಿರಲಿ. ಇಷ್ಟೊಂದು ನಿಧಾನ ಮಾಡಬೇಕಾ ಅಂತ ನನಗೂ ಅನಿಸಿತ್ತು. ಗುಂಡನ ಮುಂಗಾಲನ್ನು ಐದು ಸೆಕೆಂಡ್ ಹಿಡಿಯಲು 9 ದಿನ ಬೇಕಾಯಿತು, ಹಿಂಗಾಲಿಗೆ ಇನ್ನೂ ಒಂದು ವಾರ. ಆಮೇಲೆ ಬಂದ ಚುಕ್ಕಿ ಮೂರೇ ದಿನಕ್ಕೆ ಒಪ್ಪಿಕೊಂಡಳು. ಸ್ವಭಾವ.

ಪಾದ ಹಿಡಿಯುವುದು ಸಲೀಸಾದ ಮೇಲೆ ಬೆರಳುಗಳ ನಡುವಿನ ರೋಮ ಸರಿಸಿ, ಒಂದೊಂದೇ ಉಗುರನ್ನು ಹೆಬ್ಬೆರಳಿನಿಂದ ಮೆಲ್ಲಗೆ ಒತ್ತಿ. ಆಮೇಲೆ ಕ್ಲಿಪ್ಪರನ್ನು ನೆಲದ ಮೇಲೆ ಇಟ್ಟು ಮೂಸಲು ಬಿಡಿ. ಇನ್ನೊಂದು ದಿನ ಅದರ ಪಕ್ಕದಲ್ಲೇ ಕೂತು ಒಣಹುಲ್ಲಿನ ಕಡ್ಡಿಗಳನ್ನು ಕಟ್ ಕಟ್ ಅಂತ ಕತ್ತರಿಸಿ. ಮೊಲ ತುಂಬ ಸಲ ಬೆದರುವುದು ಆ ಸದ್ದಿಗೇ. ಸದ್ದು ಆಯಿತು, ಏನೂ ಆಗಲಿಲ್ಲ, ಎಲೆಯೂ ಸಿಕ್ಕಿತು. ಅಷ್ಟು ಸಾಕು.

ಎತ್ತುವುದನ್ನೂ ಇದೇ ರೀತಿ ಕಲಿಸಬಹುದು. ಎರಡು ಕೈ ಹಾಕಿ, ಎತ್ತದೆ ತೆಗೆಯಿರಿ. ಆಮೇಲೆ ಒಂದು ಬೆರಳಿನಷ್ಟು ಎತ್ತರ, ತಕ್ಷಣ ಇಳಿಸಿ. ಕೆಲವು ಮೊಲಗಳು ಎಷ್ಟು ಮಾಡಿದರೂ ಎತ್ತಿಸಿಕೊಳ್ಳಲು ಒಪ್ಪುವುದೇ ಇಲ್ಲ. ಪರವಾಗಿಲ್ಲ. ಎತ್ತದೆಯೇ ಉಗುರು ಕತ್ತರಿಸಬಹುದು.

ಮನೆಯಲ್ಲಿ ಮಕ್ಕಳಿದ್ದರೆ ಅವರೂ ನೆಲದ ಮೇಲೆ ಕೂತು ಹಣೆ ಸವರಲಿ. ಎತ್ತುವುದು ದೊಡ್ಡವರಿಗೆ ಇರಲಿ.

ಸಾಮಾನು

ಸಣ್ಣ ಪ್ರಾಣಿಗಳಿಗೆ ಅಂತ ಸಿಗುವ, ಬಾಗಿದ ಬ್ಲೇಡಿನ ಚಿಕ್ಕ ಕತ್ತರಿಯಂಥ ಕ್ಲಿಪ್ಪರ್ ಎಲ್ಲಕ್ಕಿಂತ ಅನುಕೂಲ. ಬೆಕ್ಕಿನದೂ ಆಗುತ್ತದೆ. ನಾಯಿಯ ದೊಡ್ಡ ಕ್ಲಿಪ್ಪರ್ ಹಿಡಿದರೆ ಎಲ್ಲಿ ಕತ್ತರಿಸುತ್ತಿದ್ದೀರಿ ಅಂತಲೇ ಕಾಣುವುದಿಲ್ಲ. ನಮ್ಮ ನೇಲ್ ಕಟರ್ ಮರಿಗಳ ಎಳೆ ಉಗುರಿಗೆ ನಡೆಯುತ್ತದೆ, ದೊಡ್ಡ ಮೊಲದ ಉಗುರನ್ನು ಚಪ್ಪಟೆ ಮಾಡಿ ಸೀಳಿಬಿಡುತ್ತದೆ. ಬ್ಲೇಡು ಹರಿತ ಇರಲಿ. ಮೊಂಡಾದದ್ದು ಕತ್ತರಿಸುವ ಬದಲು ಹಿಸುಕುತ್ತದೆ, ನೋವಾಗುತ್ತದೆ.

ಅದರ ಜೊತೆ ಒಂದು ಸಣ್ಣ ಟಾರ್ಚ್, ದಪ್ಪ ಟವೆಲ್, ಟಿಶ್ಯೂ, ಮತ್ತು ರಕ್ತ ನಿಲ್ಲಿಸುವ ಸ್ಟಿಪ್ಟಿಕ್ ಪೌಡರ್. ಪೌಡರ್ ಇಲ್ಲದಿದ್ದರೆ ಕಾರ್ನ್‌ಫ್ಲೋರ್ ಒಂದು ಚಮಚ ತಟ್ಟೆಯಲ್ಲಿ ಹಾಕಿಟ್ಟುಕೊಳ್ಳಿ. ಇವೆಲ್ಲ ಮೊಲವನ್ನು ಹಿಡಿಯುವ ಮೊದಲೇ ಕೈಗೆಟಕುವ ಹಾಗೆ ಇರಬೇಕು. ಮೊಲವನ್ನು ಕಂಕುಳಲ್ಲಿ ಇಟ್ಟುಕೊಂಡು ಅಡುಗೆಮನೆಯಲ್ಲಿ ಡಬ್ಬಿ ಹುಡುಕಿದ್ದೇನೆ ನಾನು, ಬೇಡ.

ಹಿಡಿಯುವ ಬಗೆಗಳು

ಒಳ್ಳೆ ಕಲಿತ ಮೊಲಕ್ಕೆ ಹಿಡಿಯುವುದೇ ಬೇಡ. ಜಾರದ ಚಾಪೆಯ ಮೇಲೆ ಅದು ಎಲೆ ತಿನ್ನುತ್ತಾ ಕೂತಿರುತ್ತದೆ, ನೀವು ಪಕ್ಕದಲ್ಲಿ ಕೂತು ಒಂದು ಪಾದವನ್ನು ನೆಲದಿಂದ ಚೂರು ಎತ್ತಿ ಉಗುರು ಕತ್ತರಿಸುತ್ತೀರಿ. ಚುಕ್ಕಿಗೆ ಈಗ ಹೀಗೇ ಮಾಡುತ್ತೇನೆ.

ಅಷ್ಟು ಆಗದಿದ್ದರೆ ತೊಡೆಯ ಮೇಲೆ. ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತು, ತೊಡೆಗೆ ಟವೆಲ್ ಹಾಸಿ, ಮೊಲದ ಒಂದು ಪಕ್ಕ ನಿಮ್ಮ ಹೊಟ್ಟೆಗೆ ಒತ್ತಿರುವ ಹಾಗೆ ಕೂರಿಸಿ. ಮುಖ ಮೊಣಕೈ ಮಡಿಕೆಯಲ್ಲಿ. ನೆಲದ ಮೇಲೆ ಕೂರುವುದರ ಲಾಭ, ಹಾರಿದರೂ ಬೀಳುವ ಎತ್ತರ ಗೇಣುದ್ದ. ಕುರ್ಚಿ, ಮೇಜು, ಮಂಚ ಯಾವುದೂ ಬೇಡ ಅನ್ನುವುದು ನನ್ನ ಪಾಠ.

ಒದೆಯುವ ಮೊಲಕ್ಕೆ ಟವೆಲ್ ಸುತ್ತುವುದು ಒಳ್ಳೆಯದು. ಟವೆಲನ್ನು ನೆಲಕ್ಕೆ ಹಾಸಿ ಮೊಲವನ್ನು ನಡುವೆ ಕೂರಿಸಿ, ಕುತ್ತಿಗೆ ಟವೆಲಿನ ಅಂಚಿಗೆ ಬರಲಿ. ಎಡಗಡೆ ಅಂಚನ್ನು ಬೆನ್ನ ಮೇಲಿಂದ ತಂದು ಬಲ ಪಕ್ಕಕ್ಕೆ ಸಿಕ್ಕಿಸಿ. ಹಿಂದಿನ ಅಂಚನ್ನು ಕುಂಡೆಯ ಮೇಲೆ ಮಡಚಿ. ಬಲಗಡೆ ಅಂಚನ್ನು ಎಳೆದು ಸುತ್ತಿ. ತೊಟ್ಟಿಲ ಮಗುವನ್ನು ಸುತ್ತಿದ ಹಾಗೆ ಬಿಗಿಯಾಗಿರಬೇಕು, ಎದೆ ಅದುಮುವಷ್ಟಲ್ಲ. ತಲೆ, ಮೂಗು ಹೊರಗೆ. ಬೇಕಾದ ಪಾದ ಒಂದನ್ನೇ ಹೊರಗೆ ತೆಗೆದು, ಕತ್ತರಿಸಿ, ಒಳಗೆ ಹಾಕಿ, ಇನ್ನೊಂದನ್ನು ತೆಗೆಯಿರಿ. ಮೊಲಕ್ಕೆ ನಮ್ಮ ಹಾಗೆ ಬೆವರು ಬರುವುದಿಲ್ಲ, ಮೈಯ ಬಿಸಿ ಕಿವಿಯ ಮೂಲಕವೇ ಹೆಚ್ಚಾಗಿ ಹೊರಗೆ ಹೋಗಬೇಕು. ಹಾಗಾಗಿ ಸೆಖೆಯ ಹೊತ್ತಲ್ಲಿ ಬಹಳ ಹೊತ್ತು ಸುತ್ತಿ ಇಡಬೇಡಿ.

ಇಬ್ಬರಿದ್ದರೆ ಎಲ್ಲವೂ ಸುಲಭ. ಒಬ್ಬರು ಹಿಡಿದು ಮಾತಾಡಿಸುತ್ತಿರಲಿ, ಇನ್ನೊಬ್ಬರು ಕತ್ತರಿಸಲಿ. ಹಿಡಿದವರು ಸಾಕು ಅಂದರೆ ಕತ್ತರಿಸುವವರು ಅಲ್ಲಿಗೇ ನಿಲ್ಲಿಸಬೇಕು. ನಮ್ಮ ಮನೆಯಲ್ಲಿ ಇದಕ್ಕೇ ಒಂದೆರಡು ಜಗಳ ಆಗಿವೆ.

ಈಗ ಕ್ಲಿಪ್ಪರ್ ತೆಗೆದುಕೊಳ್ಳಿ

ಒಟ್ಟು 18 ಉಗುರು. ಹಿಂಗಾಲಿನಲ್ಲಿ ನಾಲ್ಕು ನಾಲ್ಕು, ಮುಂಗಾಲಿನಲ್ಲಿ ಐದು ಐದು. ಮುಂಗಾಲಿನ ಐದನೆಯದು ಒಳಭಾಗದಲ್ಲಿ, ಸ್ವಲ್ಪ ಮೇಲೆ, ರೋಮದೊಳಗೆ ಅಡಗಿರುತ್ತದೆ. ನಮ್ಮ ಹೆಬ್ಬೆರಳು ಇರುವ ಜಾಗ. ಇದು ನೆಲಕ್ಕೆ ತಾಗುವುದೇ ಇಲ್ಲವಾದ್ದರಿಂದ ಸವೆಯುವುದೂ ಇಲ್ಲ, ಮರೆತರೆ ಸುರುಳಿ ಸುತ್ತಿ ಚರ್ಮಕ್ಕೇ ಚುಚ್ಚಬಹುದು. ನಾನು ಯಾವಾಗಲೂ ಇದರಿಂದಲೇ ಶುರು ಮಾಡುತ್ತೇನೆ.

ಉಗುರಿನ ಒಳಗೆ ಬುಡದಿಂದ ಸ್ವಲ್ಪ ದೂರದವರೆಗೆ ರಕ್ತನಾಳ ಮತ್ತು ನರ ಇರುತ್ತವೆ. ಇದನ್ನು ಕ್ವಿಕ್ ಅನ್ನುತ್ತಾರೆ. ಬಿಳಿ ಉಗುರಿನಲ್ಲಿ ಇದು ಗುಲಾಬಿ ಬಣ್ಣದ ಗೆರೆಯಾಗಿ ಚೆನ್ನಾಗಿ ಕಾಣುತ್ತದೆ. ಅದು ಮುಗಿಯುವ ಜಾಗದಿಂದ 2–3 ಮಿಲಿಮೀಟರ್ ಆಚೆಗೆ ಕತ್ತರಿಸಿ. ಕಪ್ಪು ಉಗುರಾದರೆ ಟಾರ್ಚ್ ಬೇಕು. ಉಗುರಿನ ಹಿಂದೆ ಟಾರ್ಚ್ ಹಿಡಿದಾಗ ತುದಿ ಕಡೆ ಬೆಳಕು ಹಾಯುತ್ತದೆ, ಕ್ವಿಕ್ ಇರುವಲ್ಲಿ ಮಂಕಾದ ನೆರಳು ನಿಲ್ಲುತ್ತದೆ. ಆ ನೆರಳಿನ ತುದಿಯನ್ನು ಕಣ್ಣಲ್ಲಿ ಗುರುತು ಹಾಕಿಕೊಳ್ಳಿ. ಟಾರ್ಚ್‌ಗೂ ಕಾಣದಷ್ಟು ಕಪ್ಪಿದ್ದರೆ ತುದಿಯ ಕೊಕ್ಕೆಯನ್ನಷ್ಟೇ ತೆಗೆಯಿರಿ, ಸ್ವಲ್ಪ ಉದ್ದ ಉಳಿದರೂ ಚಿಂತೆಯಿಲ್ಲ.

ಪಾದವನ್ನು ಎರಡು ಬೆರಳಿನ ನಡುವೆ ಹಿಡಿದು, ಹೆಬ್ಬೆರಳಿನಿಂದ ರೋಮವನ್ನು ಹಿಂದಕ್ಕೆ ತಳ್ಳಿ. ರೋಮ ತೀರಾ ದಟ್ಟವಿದ್ದರೆ ಒದ್ದೆ ಹತ್ತಿಯಿಂದ ಒಮ್ಮೆ ಸವರಿದರೆ ಅಂಟಿಕೊಂಡು ದಾರಿ ಬಿಡುತ್ತದೆ. ಉಗುರಿಗೆ ಅಡ್ಡಲಾಗಿ ಕ್ಲಿಪ್ಪರ್ ಇಟ್ಟು, ಕತ್ತರಿಸುವ ಮೊದಲು ಒಂದು ಸಲ ಹಗುರವಾಗಿ ಒತ್ತಿ ನೋಡಿ. ಮೊಲ ಪಾದ ಎಳೆದುಕೊಂಡರೆ ಕ್ವಿಕ್ಕಿನ ಮೇಲೆ ಇದ್ದೀರಿ ಅಂತ ಅರ್ಥ ಆಗಿರಬಹುದು, ತುದಿಯ ಕಡೆ ಸರಿಯಿರಿ. ಏನೂ ಮಾಡಲಿಲ್ಲ ಅಂದರೆ ಒಂದೇ ಒತ್ತಿಗೆ ಕಟ್. ಅರ್ಧ ಒತ್ತಿ ಅಳುಕಿ ನಿಲ್ಲಿಸಿದರೆ ಉಗುರು ಸೀಳುತ್ತದೆ.

ಕಾಲನ್ನು ಅದು ಮಡಚುವ ದಿಕ್ಕಿನಲ್ಲೇ ಹಿಡಿಯಿರಿ, ಮುಂದಕ್ಕೆ ಅಥವಾ ಹಿಂದಕ್ಕೆ. ಪಕ್ಕಕ್ಕೆ ಎಳೆದರೆ ಕೀಲಿಗೆ ನೋವಾಗುತ್ತದೆ, ಆಗಲೇ ಅದು ಒದೆಯುವುದು. ಹಿಂಗಾಲನ್ನು ಪೂರ್ತಿ ಚಾಚಿಸಬೇಡಿ, ಮಡಚಿದ ಹಾಗೇ ಇದ್ದು ಬೆರಳು ಮಾತ್ರ ಹೊರಗೆ ಬಂದರೆ ಸಾಕು. ಗಾದೆಯ ನಾಲ್ಕನೇ ಕಾಲು ಹೊಟ್ಟೆಯಡಿ ಸೇರಿತು ಅನ್ನಿ, ಅದನ್ನು ಹುಡುಕಿ ಎಳೆಯುವ ಬದಲು ಮೊಲವನ್ನು ಇನ್ನೊಂದು ಮಗ್ಗುಲಿಗೆ ತಿರುಗಿಸಿ ಕೂರಿಸಿ. ಕಾಲು ತಾನೇ ಹೊರಗೆ ಬರುತ್ತದೆ. ಬರಲಿಲ್ಲವಾದರೆ ಅದು ನಾಳೆಯ ಕಾಲು.

ಹೌದು, ನಾಳೆಗೆ ಬಿಡಬಹುದು. ಒಂದೇ ದಿನ 18 ಮುಗಿಸಬೇಕು ಅಂತ ಎಲ್ಲಿಯೂ ಬರೆದಿಲ್ಲ. ದಿನಕ್ಕೊಂದು ಕಾಲು ಮಾಡಿ. ದಿನಕ್ಕೊಂದು ಉಗುರು ಮಾಡಿದರೂ 18 ದಿನಕ್ಕೆ ಮುಗಿಯುತ್ತದೆ. ಕಿವಿ ಬೆನ್ನಿಗೆ ಅಂಟಿ, ಮೈ ಕಲ್ಲಾಗಿ, ಕಣ್ಣಿನ ಬಿಳಿ ಕಾಣಿಸುತ್ತಿದ್ದರೆ ಅವತ್ತಿಗೆ ಅಲ್ಲಿಗೇ ಸಾಕು. ಗುರ್ ಅಂದರೂ ಅಷ್ಟೇ. ಬಾಯಿ ತೆರೆದು ಉಸಿರಾಡಿದರೆ ಮಾತ್ರ ಸುಮ್ಮನೆ ಬಿಡುವ ವಿಷಯ ಅಲ್ಲ. ಮೊಲ ಉಸಿರಾಡುವುದು ಮೂಗಿನಿಂದ, ಬಾಯಿ ತೆರೆಯಿತು ಅಂದರೆ ಉಸಿರಿಗೆ ತೀರಾ ಕಷ್ಟವಾಗಿದೆ. ಬಿಟ್ಟು, ತಂಪಾದ ಜಾಗದಲ್ಲಿ ಇರಿಸಿ, ತಕ್ಷಣ ವೈದ್ಯರಿಗೆ ಫೋನ್ ಮಾಡಿ.

ಪಾದ ಕೈಯಲ್ಲಿರುವಾಗಲೇ ಹಿಮ್ಮಡಿಯ ಅಡಿಭಾಗವನ್ನೂ ಒಮ್ಮೆ ನೋಡಿಬಿಡಿ. ರೋಮ ಉದುರಿ ಬೋಳಾಗಿ ಕೆಂಪಾಗಿದ್ದರೆ ನೆಲಕ್ಕೆ ಮೆತ್ತನೆಯದು ಹಾಸುವ ಕಾಲ ಬಂದಿದೆ. ಗಾಯ ಇದ್ದರೆ ವೈದ್ಯರು ನೋಡಲಿ.

ರಕ್ತ ಬಂದರೆ

ಎಷ್ಟು ಜಾಗ್ರತೆ ವಹಿಸಿದರೂ ಒಂದಲ್ಲ ಒಂದು ದಿನ ಬರುತ್ತದೆ. ಗಾಬರಿಯಾಗಿ ಕೈ ಸಡಿಲ ಬಿಡಬೇಡಿ, ನನ್ನ ಕಥೆ ಹೇಳಿದೆನಲ್ಲ. ಟಿಶ್ಯೂವಿನಿಂದ ರಕ್ತ ಒರೆಸಿ, ಉಗುರಿನ ತುದಿಯನ್ನು ಪೌಡರ್‌ಗೆ ಅಥವಾ ಕಾರ್ನ್‌ಫ್ಲೋರ್‌ಗೆ ಅದ್ದಿ, ಒಂದೆರಡು ನಿಮಿಷ ಒತ್ತಿ ಹಿಡಿಯಿರಿ. ಮಧ್ಯೆ ಮಧ್ಯೆ ತೆಗೆದು ನಿಂತಿತಾ ಅಂತ ನೋಡುತ್ತಿದ್ದರೆ ನಿಲ್ಲುವುದಿಲ್ಲ. ನಿಂತ ಮೇಲೆ ಸ್ವಲ್ಪ ಹೊತ್ತು ಸ್ವಚ್ಛವಾದ ಟವೆಲ್ ಮೇಲೆ ಇರಲಿ, ನೇರ ಅದು ಉಚ್ಚೆ, ಹಿಕ್ಕೆ ಹಾಕುವ ತಟ್ಟೆಗೆ ಬಿಡಬೇಡಿ. ಕಾಲು ಗಂಟೆಯಾದರೂ ನಿಲ್ಲದಿದ್ದರೆ, ಇಲ್ಲವೇ ಉಗುರು ಬುಡದಿಂದ ಕಿತ್ತುಬಂದಿದ್ದರೆ, ಮಾರನೇ ದಿನ ಬೆರಳು ಊದಿಕೊಂಡಿದ್ದರೆ ಆಸ್ಪತ್ರೆಗೆ ಹೋಗಿ.

ಬಹಳ ದಿನ ಬೆಳೆಯಲು ಬಿಟ್ಟ ಉಗುರಿನಲ್ಲಿ ಕ್ವಿಕ್ ಕೂಡ ಮುಂದಕ್ಕೆ ಬೆಳೆದಿರುತ್ತದೆ. ಅದನ್ನು ಒಂದೇ ಸಲಕ್ಕೆ ಗಿಡ್ಡ ಮಾಡಲು ಹೋಗಬೇಡಿ. ವಾರಕ್ಕೋ ಹದಿನೈದು ದಿನಕ್ಕೋ ತುದಿಯಿಂದ ಚೂರು ಚೂರೇ ತೆಗೆಯುತ್ತಾ ಬಂದರೆ ಕ್ವಿಕ್ ತಾನಾಗಿ ಹಿಂದೆ ಸರಿಯುತ್ತದೆ. ಗುಂಡನದು ಸರಿಹೋಗಲು ಎರಡು ತಿಂಗಳು ಹಿಡಿಯಿತು.

ಮುಗಿದ ಮೇಲೆ

ಇಳಿಸಿ, ಎಲೆ ಕೊಟ್ಟು, ಅದರ ಪಾಡಿಗೆ ಬಿಡಿ. ಸಮಾಧಾನ ಮಾಡಲು ಹಿಂದೆ ಹಿಂದೆ ಹೋಗಬೇಡಿ. ಮೊಲ ಹಿಂಗಾಲನ್ನು ನಿಮ್ಮ ಕಡೆ ಝಾಡಿಸಿ ಓಡುತ್ತದೆ, ಅದು ಬೈಗುಳ. ಬೈಸಿಕೊಳ್ಳಿ. ಸ್ವಲ್ಪ ಹೊತ್ತಿಗೆ ಮೈ ನೆಕ್ಕಿ ಒಪ್ಪ ಮಾಡಿಕೊಂಡು ಹುಲ್ಲಿನ ಕಡೆ ಹೋಗುತ್ತದೆ.

ಆ ಹುಲ್ಲಿನ ಕಡೆ ಹೋಯಿತಾ ಅಂತ ಮಾತ್ರ ಗಮನ ಇಡಿ. ಮೊಲದ ಹೊಟ್ಟೆ ಸದಾ ಓಡುತ್ತಿರಬೇಕು. ಜಾಸ್ತಿ ಹೆದರಿದಾಗ ಅದು ತಿನ್ನುವುದನ್ನು ನಿಲ್ಲಿಸಿ ಕರುಳಿನ ಚಲನೆಯೇ ನಿಂತುಹೋಗಬಹುದು. 10–12 ಗಂಟೆ ಏನೂ ತಿನ್ನಲಿಲ್ಲ, ಹಿಕ್ಕೆಯೂ ಹಾಕಲಿಲ್ಲ ಅಂದರೆ ಬೆಳಗಾಗಲಿ ಅಂತ ಕಾಯಬೇಡಿ, ಅದು ತುರ್ತು.

ಎಲ್ಲ ಮಾಡಿಯೂ ಆಗಲಿಲ್ಲವಾದರೆ ಪಶುವೈದ್ಯರ ಹತ್ತಿರ ಮಾಡಿಸಿ, ಅದರಲ್ಲಿ ಸಂಕೋಚವೇನಿಲ್ಲ. ಅವರು ಹೇಗೆ ಹಿಡಿಯುತ್ತಾರೆ ಅಂತ ನೋಡಿಕೊಂಡು ಬನ್ನಿ. ಹಿಂಗಾಲನ್ನು ಮಡಚಿಯೇ ಹಿಡಿಯುವುದನ್ನು ನಾನು ಕಲಿತದ್ದು ಹಾಗೆ.

ಕತ್ತರಿಸಿದ ಚೂರುಗಳು ಸಿಡಿದು ಎಲ್ಲೆಲ್ಲೋ ಬೀಳುತ್ತವೆ, ಬರಿಗಾಲಿಗೆ ಚುಚ್ಚುತ್ತವೆ. ಟವೆಲ್ ಕೊಡವುವ ಮೊದಲು ಆರಿಸಿ ಎಣಿಸಿ. 18 ಇರಬೇಕು. 17 ಬಂದರೆ ಒಂದೋ ಚಾಪೆಯಡಿ ಹೋಗಿದೆ, ಇಲ್ಲವೇ ಮುಂಗಾಲಿನ ಆ ಒಳಗಿನ ಉಗುರು ಉಳಿದುಕೊಂಡಿದೆ. ನಾನು ಕ್ಯಾಲೆಂಡರಿನಲ್ಲಿ ಬರೆದಿಡುತ್ತೇನೆ. ಹೋದ ತಿಂಗಳ ಒಂದು ಚೌಕದಲ್ಲಿ ಹೀಗಿದೆ: "ಚುಕ್ಕಿ 18. ಗುಂಡ 14, ಎಡ ಹಿಂಗಾಲು ನಾಳೆ." ಮಾರನೇ ದಿನದ ಚೌಕದಲ್ಲೂ ಅದೇ ಇದೆ: "ಎಡ ಹಿಂಗಾಲು ನಾಳೆ."